ಸೇನೆಯ ಹಳೆಯ ಲಾರಿ, ಮಹಾಜನರ ಸೇತುವೆ

ಹಲಸೂರಿನ ವಾಚಕ ಮಹಾಶಯರೊಬ್ಬರು ನಮಗೆ ಪತ್ರವೊಂದನ್ನು ಬರೆದು, ನೋಡಲು ಚಿಕ್ಕದಾಗಿಯೂ ವಿಚಾರಿಸಲು ದೊಡ್ಡದಾಗಿಯೂ ಇರುವ ಪ್ರಶ್ನೆಯೊಂದನ್ನು ಕೇಳಿರುವರು. ಸೇನೆಯವರು ಉಪಯೋಗ ತೀರಿತೆಂದು ಹರಾಜು ಹಾಕಿದ ಶಕ್ತಿಮಾನ್ ಲಾರಿಯೊಂದನ್ನು ಅವರು ಹಣ ತೆತ್ತು, ರಸೀದಿ ಪಡೆದು ಕೊಂಡಿರುತ್ತಾರೆ. ಅವರ ತೀರ್ಥರೂಪರು ಸೈನ್ಯದಲ್ಲಿ ಇಂತಹುದೇ ಲಾರಿಯನ್ನು ನಡೆಸಿದವರಂತೆ. ಆ ನೆನಪಿಗಾಗಿ ಅದನ್ನು ದುರಸ್ತು ಮಾಡಿಸಿ ಇಟ್ಟುಕೊಳ್ಳಬೇಕೆಂಬುದು ಇವರ ಆಸೆ. ಲಾರಿಯು ಕೃಷ್ಣರಾಜಪುರದ ಆಚೆ ಬಯಲೊಂದರಲ್ಲಿ ನಿಂತಿದೆ. ಅದನ್ನು ಹಲಸೂರಿಗೆ ತರುವ ಬಗೆ ಹೇಗೆಂದು ವಿಚಾರಿಸಲಾಗಿ ಮೂವರು ಮೂರು ಬುದ್ಧಿ ಹೇಳಿದರಂತೆ. “ಸೇನೆಯ ಗಾಡಿಯಲ್ಲವೆ, ಯಾರು ಕೇಳುತ್ತಾರೆ, ಓಡಿಸಿಕೊಂಡೇ ಬನ್ನಿ” ಎಂದು ಒಬ್ಬರು. “ರಾತ್ರಿ ಹೊತ್ತು ಯಾವುದಾದರೊಂದು ಟ್ರೇಲರಿನ ಮೇಲೆ ಹೇರಿಬಿಡಿ, ಹಿಡಿದರೆ ದಂಡ ಕಟ್ಟಿದರಾಯಿತು” ಎಂದು ಮತ್ತೊಬ್ಬರು. “ಇದು ಆಗದ ಹೋಗದ ಕೆಲಸ, ಕತ್ತರಿಸಿ ಗುಜರಿಗೆ ಹಾಕಿ” ಎಂದು ಮೂರನೆಯವರು. ಇವುಗಳಲ್ಲಿ ಯಾವುದು ನ್ಯಾಯವೆಂಬುದು ಪತ್ರದ ಪ್ರಶ್ನೆ. ಮೂರೂ ಅನ್ಯಾಯವೆಂಬುದು ನಮ್ಮ ಅಭಿಪ್ರಾಯ. ಅದರ ಕಾರಣವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಇದು ಒಬ್ಬರ ಮನೆಯ ವಿಷಯವೆಂದು ತಳ್ಳಿಬಿಡತಕ್ಕದ್ದಲ್ಲ. ಬೆಂಗಳೂರಿನ ದಂಡು ಪ್ರದೇಶವು ೧೮೦೯ರಲ್ಲಿ ಏರ್ಪಟ್ಟಂದಿನಿಂದ ಸೈನ್ಯದ ಸಾಮಾನು ಸರಂಜಾಮುಗಳ ನಡುವೆಯೇ ಬೆಳೆದುಬಂದಿತು. ಹಲಸೂರು ಕೆರೆಯ ಮಗ್ಗುಲಲ್ಲಿ ಮದ್ರಾಸ್ ಸ್ಯಾಪರ್ಸ್ ದಳದವರ ನೆಲೆಯಿದೆ. ೧೯೪೦ರಲ್ಲಿ ಪೂರ್ವದ ಬಯಲಿನಲ್ಲಿ ವಿಮಾನ ಕಾರ್ಖಾನೆಯು ಹುಟ್ಟಿತು. ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು ತಿಪ್ಪಸಂದ್ರದ ನೆರೆಯಲ್ಲಿಯೇ ನಿಂತು, ರೈಲು ಬಂಡಿಗಳನ್ನೂ ಸೇನೆಯ ಭಾರಿ ವಾಹನಗಳನ್ನೂ ತಯಾರಿಸುವ ಸಂಸ್ಥೆಯಾಗಿ ಬೆಳೆಯಿತು. ಎರಡನೆಯ ಮಹಾಯುದ್ಧವು ಮುಗಿದೊಡನೆ ಸೈನ್ಯದ ಹೆಚ್ಚುವರಿ ಜೀಪು ಲಾರಿಗಳು ವಿಲೇವಾರಿಗೆ ಬಂದು, ದೇಶದ ನಾನಾ ಊರುಗಳಲ್ಲಿ ಬಸ್ಸುಗಳಾಗಿ, ಸರಕಿನ ಲಾರಿಗಳಾಗಿ ಜನರ ಕೆಲಸಕ್ಕೆ ಒದಗಿದುವು. ಇಂದಿಗೂ ಸೇನೆಯ ಹಳೆಯ ವಾಹನಗಳು ಹರಾಜಿನ ಮೂಲಕ ಖಾಸಗಿ ಜನರ ಕೈಸೇರುತ್ತಲಿವೆ. ಶಿವಾಜಿನಗರದ ಮೋಟಾರು ಮೇಸ್ತ್ರಿಗಳನ್ನೂ ಗುಜರಿ ವರ್ತಕರನ್ನೂ ಕೇಳಿದರೆ, ಜೋಂಗಾ ಎಂದರೇನು, ಶಕ್ತಿಮಾನ್ ಎಂದರೇನು ಎಂಬುದನ್ನು ಅವರು ಬಾಯಿಪಾಠವಾಗಿ ಹೇಳಬಲ್ಲರು. ಕೊಳ್ಳುವವರಿರುವಾಗ ಸಾಗಿಸುವ ಪ್ರಶ್ನೆಯೂ ಇದ್ದೇ ಇರುವುದು.

ಮೊದಲನೆಯ ಬುದ್ಧಿವಾದವನ್ನು ವಿಚಾರಿಸೋಣ. ಸೇನೆಯ ವಾಹನವು ಊರಿನ ಸಾರಿಗೆ ಕಚೇರಿಯಲ್ಲಿ ನೋಂದಣಿಯಾಗುವುದಿಲ್ಲ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೬೦ನೆಯ ಪ್ರಕರಣದಂತೆ ಅದಕ್ಕೆ ಬೇರೆಯೇ ನೋಂದಣಿಯುಂಟು. ಸಂಖ್ಯಾಫಲಕದಲ್ಲಿ ಮೇಲ್ಮುಖವಾದ ಬಾಣದ ಗುರುತಿರುವುದನ್ನು ನಾವೆಲ್ಲರೂ ಕಂಡಿರುವೆವು. ಆದರೆ ಅದೇ ಪ್ರಕರಣವು ಮತ್ತೊಂದು ಮಾತನ್ನೂ ಹೇಳುತ್ತದೆ. ವಾಹನವು ದೇಶದ ರಕ್ಷಣೆಯ ಕೆಲಸದಿಂದ ಬಿಡುಗಡೆಯಾದೊಡನೆ, ಉಳಿದೆಲ್ಲ ವಾಹನಗಳಂತೆ ಅದನ್ನು ಹೊಸದಾಗಿ ನೋಂದಣಿ ಮಾಡಿಸತಕ್ಕದ್ದು. ಬಾಣದ ಗುರುತು ಹರಾಜಿನ ಕಟ್ಟೆಯಲ್ಲಿಯೇ ಮುಗಿಯಿತು. ಬಣ್ಣದ ವಿಚಾರವೂ ಹೀಗೆಯೇ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೨೧ನೆಯದು, ರಕ್ಷಣಾ ಇಲಾಖೆಯದಲ್ಲದ ಮೋಟಾರು ವಾಹನಕ್ಕೆ ಸೈನ್ಯದ ಆ ಹಸಿರು ಬಣ್ಣವನ್ನು ಬಳಿಯಕೂಡದೆಂದು ವಿಧಿಸುತ್ತದೆ. ನಮ್ಮ ಪತ್ರಲೇಖಕರಿಗೆ ಇದು ಕಠಿಣವಾಗಿ ತೋರಬಹುದು; ತಂದೆಯ ಲಾರಿಯ ಬಣ್ಣವನ್ನೇ ಕಳೆದ ಮೇಲೆ ನೆನಪೆಲ್ಲಿ ಉಳಿಯಿತು ಎಂದು ಅವರು ಕೇಳಬಹುದು. ಆದರೆ ನಿಯಮದ ಹಿಂದಿನ ತತ್ತ್ವವನ್ನು ಗಮನಿಸಬೇಕು. ೧೯೪೭ರ ಜುಲೈ ತಿಂಗಳಿನವರೆಗೂ ನಮ್ಮ ಊರಿನಲ್ಲಿ ಪೇಟೆಗೊಂದು ಆಡಳಿತ, ದಂಡಿಗೊಂದು ಆಡಳಿತವಿದ್ದಿತು. ಆ ಭೇದವನ್ನು ಕಳೆಯಲು ನಮ್ಮ ಹಿರಿಯರು ಎಷ್ಟೋ ಶ್ರಮಪಟ್ಟರು. ದಾರಿಯಲ್ಲಿ ಸೇನೆಗೆ ದೊರೆಯುವ ಮನ್ನಣೆಯು ದೇಶರಕ್ಷಣೆಯ ಕರ್ತವ್ಯಕ್ಕೆ ಸಲ್ಲುವಂತಹುದು, ಕಬ್ಬಿಣಕ್ಕೆ ಸಲ್ಲುವುದಲ್ಲ. ಹರಾಜಿನಲ್ಲಿ ಕಬ್ಬಿಣವನ್ನು ಕೊಳ್ಳಬಹುದು, ಕರ್ತವ್ಯವನ್ನು ಕೊಳ್ಳಲಾಗದು.

ಎರಡನೆಯ ಬುದ್ಧಿವಾದವು ಇನ್ನೂ ಅಪಾಯಕರವಾದದ್ದು. ಟ್ರೇಲರಿನ ಮೇಲೆ ಏರಿದ ಲಾರಿಯು ವಾಹನವಲ್ಲ, ಸರಕು. ಸರಕಿಗೆ ಅಳತೆಯುಂಟು, ತೂಕವುಂಟು. ವಾಹನದ ಅಗಲವು ೨.೬ ಮೀಟರನ್ನು ಮೀರಕೂಡದೆಂಬುದು ನಿಯಮ. ೨೦೧೮ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರದವರು ತೂಕದ ಮಿತಿಯನ್ನು ಹೆಚ್ಚಿಸಿದರು. ನಾಲ್ಕು ಚಕ್ರಗಳುಳ್ಳ ಒಂಟಿ ಅಚ್ಚಿನ ಮೇಲೆ ೧೦.೨ ಟನ್ನಿದ್ದುದು ೧೧.೫ ಟನ್ನಾಯಿತು, ಅತಿ ದೊಡ್ಡ ವಾಹನದ ಒಟ್ಟು ತೂಕವು ೪೯ರಿಂದ ೫೫ ಟನ್ನಿಗೆ ಏರಿತು. ಸಾಮಾನ್ಯವಾದ ಸೇನಾ ಲಾರಿಯು ತಕ್ಕ ಟ್ರೇಲರಿನ ಮೇಲೆ ಈ ಮಿತಿಗಳೊಳಗೇ ಅಡಗೀತು. ಟ್ಯಾಂಕಿನ ಮಾತು ಬೇರೆ. ನಿವೃತ್ತವಾದ ಟಿ-೫೫ ಟ್ಯಾಂಕು ಸುಮಾರು ೩೬ ಟನ್ ತೂಗುತ್ತದೆ. ಅದರ ಅಗಲ ೩.೨ ಮೀಟರಿಗೂ ಹೆಚ್ಚು. ಎಳೆಯುವ ಲಾರಿಯ ತೂಕವನ್ನೂ ಟ್ರೇಲರಿನ ತೂಕವನ್ನೂ ಅದಕ್ಕೆ ಕೂಡಿಸಿದರೆ ಒಟ್ಟು ತೂಕವು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಅಗಲವಂತೂ ಮಿತಿಯನ್ನು ದಾಟಿಯೇ ಇರುವುದು. ವಿಶೇಷ ಅನುಮತಿಯಿಲ್ಲದೆ ಅಂತಹುದನ್ನು ಕದಲಿಸುವಂತಿಲ್ಲ.

“ದಂಡ ಕಟ್ಟಿದರಾಯಿತು” ಎಂಬವರು ಕಾಯಿದೆಯನ್ನು ಅರ್ಧವೇ ಓದಿದವರು. ೨೦೧೯ರ ತಿದ್ದುಪಡಿಯ ಮೇಲೆ ಕೇಂದ್ರ ಕಾಯಿದೆಯ ೧೯೪ನೆಯ ಪ್ರಕರಣವು ಅಧಿಕ ಭಾರಕ್ಕೆ ೨೦,೦೦೦ ರೂಪಾಯಿಗಳನ್ನೂ, ಮೀರಿದ ಪ್ರತಿಯೊಂದು ಟನ್ನಿಗೆ ೨,೦೦೦ ರೂಪಾಯಿಗಳನ್ನೂ ವಿಧಿಸುತ್ತದೆ. ಪಕ್ಕಕ್ಕೆ ಚಾಚಿದ ಸರಕಿಗೂ ೨೦,೦೦೦ ರೂಪಾಯಿಗಳ ದಂಡವುಂಟು. ಇಷ್ಟನ್ನು ತೆತ್ತೊಡನೆ ಮುಂದೆ ಹೋಗಲು ಅಪ್ಪಣೆ ದೊರೆಯಿತೆಂದಲ್ಲ. ಹೆಚ್ಚಿನ ಭಾರವನ್ನು ಇಳಿಸುವ ಪರ್ಯಂತ ವಾಹನವು ಕದಲಕೂಡದು; ಇಳಿಸುವ ಖರ್ಚೂ ಸಾಗಿಸಿದವನದೇ. ಅರ್ಧ ಟ್ಯಾಂಕನ್ನು ಇಳಿಸಿ ಅರ್ಧವನ್ನು ಮುಂದೆ ಒಯ್ಯುವ ಉಪಾಯವನ್ನು ಯಾರಾದರೂ ಬಲ್ಲರೆ? ಮತ್ತು ವಾಹನ ನಡೆಸುವವನು ಮಾಲೀಕನಲ್ಲದಿದ್ದರೆ, ಅಪರಾಧವು ಮಾಲೀಕನ ಅರಿವಿನಿಂದಲೇ ನಡೆಯಿತೆಂದು ನ್ಯಾಯಾಲಯವು ಭಾವಿಸಬಹುದೆಂದು ೧೧೩ನೆಯ ಪ್ರಕರಣವು ಹೇಳುತ್ತದೆ. ಬಡ ಡ್ರೈವರನ ಮೇಲೆ ಹೊರಿಸಿ ತಾನು ಮನೆಯಲ್ಲಿ ಕುಳಿತಿರುವುದು ಸಾಧ್ಯವಿಲ್ಲ.

ದಂಡಕ್ಕಿಂತಲೂ ದೊಡ್ಡದು ಸೇತುವೆಯ ಮಾತು. ೧೯೩೪ರಲ್ಲಿ ಸ್ಥಾಪಿತವಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನವರು ಸೇತುವೆಗಳ ಬಲವನ್ನು ಲೆಕ್ಕ ಹಾಕಲು ಗೊತ್ತುಮಾಡಿರುವ ಭಾರಗಳಲ್ಲಿ ಒಂದು, ಟ್ಯಾಂಕಿನಂತೆ ಪಟ್ಟಿಯ ಮೇಲೆ ಚಲಿಸುವ ೭೦ ಟನ್ನಿನ ವಾಹನವೇ ಆಗಿದೆ. ಹೆದ್ದಾರಿಯ ಹೊಸ ಸೇತುವೆಯು ಟ್ಯಾಂಕನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಲ್ಪಟ್ಟದ್ದೆಂದು ಹೇಳಬಹುದು. ಆದರೆ ಹಳೆಯ ಕಾಲದ ಮೋರಿಸೇತುವೆ, ರಾಜಕಾಲುವೆಯ ಮೇಲಿನ ಹಾಸುಗಲ್ಲು, ಒಳರಸ್ತೆಯ ಕೆಳಗೆ ಹೋಗುವ ಒಳಚರಂಡಿ, ಇವು ಯಾವ ಲೆಕ್ಕವನ್ನು ಬಲ್ಲವು? ಹಗಲು ಅದರ ಮೇಲೆ ಶಾಲೆಯ ಮಕ್ಕಳ ಬಸ್ಸು ಹೋಗಬೇಕು. ರಾತ್ರಿ ಕದ್ದು ದಾಟಿದ ಭಾರದಿಂದ ಬಿರುಕು ಬಿಟ್ಟರೆ ಅದನ್ನು ಯಾರೂ ಕಾಣರು. ಭಾರವು ಒಬ್ಬನದು, ಸೇತುವೆಯು ಎಲ್ಲರದು. ೨೦೨೫ರ ಏಪ್ರಿಲ್ ತಿಂಗಳ ಒಂದು ನಡುರಾತ್ರಿ, ಯಲಹಂಕದ ಕೋಗಿಲು ಕ್ರಾಸಿನಲ್ಲಿ, ಮೆಟ್ರೋ ಕಾಮಗಾರಿಗೆಂದು ಟ್ರೇಲರಿನಲ್ಲಿ ಸಾಗುತ್ತಿದ್ದ ಕಾಂಕ್ರೀಟಿನ ಬೃಹತ್ ತೊಲೆಯೊಂದು ಆಟೋರಿಕ್ಷಾದ ಮೇಲೆ ಉರುಳಿ ಅದರ ಚಾಲಕನು ಮೃತಪಟ್ಟನು. ಅದು ಸಾರ್ವಜನಿಕ ಕೆಲಸ. ಮಾಡುತ್ತಿದ್ದವರು ಅದರಲ್ಲೇ ನುರಿತವರು. ಹೀಗಿರುವಲ್ಲಿ, ಸಿಕ್ಕಿದ ಟ್ರೇಲರಿಗೆ ಸಿಕ್ಕಿದ ಹಗ್ಗದಿಂದ ಕಟ್ಟಿ ಸಾಗಿಸುವ ಭಾರದ ಗತಿಯೇನು? ಬೀದಿಯಲ್ಲಿ ಹೋಗುವ ಬಡಪಾಯಿಯ ಪ್ರಾಣವು ಯಾರ ಹವ್ಯಾಸಕ್ಕೂ ಬೆಲೆಯಾಗಕೂಡದು.

ಹಾಗಾದರೆ ಮೂರನೆಯವರು ಹೇಳಿದಂತೆ ಇದು ಆಗದ ಕೆಲಸವೆ? ಖಂಡಿತವಾಗಿಯೂ ಅಲ್ಲ. ೨೦೧೮ರ ಡಿಸೆಂಬರಿನಲ್ಲಿ ತಮಿಳುನಾಡಿನ ವಂದವಾಸಿಯ ಕಡೆಯಿಂದ, ಈಜಿಪುರದ ದೇವಸ್ಥಾನಕ್ಕೆಂದು ಮಹಾವಿಷ್ಣುವಿನ ಬೃಹತ್ ಶಿಲೆಯು ೨೪೦ ಚಕ್ರಗಳ ಟ್ರೇಲರನ್ನೇರಿ ಹೊರಟದ್ದನ್ನು ವಾಚಕರು ಮರೆತಿರಲಾರರು. ಅಷ್ಟೊಂದು ಚಕ್ರಗಳೇಕೆಂದರೆ, ಭಾರವು ಒಂದೆಡೆ ಚುಚ್ಚದೆ ಹರಡಿಕೊಳ್ಳಲೆಂದು. ಭಾರವನ್ನು ಹೊರಲಾರದ ಸೇತುವೆಗಳನ್ನು ಬಿಟ್ಟು, ಹೊಸೂರಿನ ಸಮೀಪದಲ್ಲಿ ನದಿಯ ಪಾತ್ರದಲ್ಲಿಯೇ ತಾತ್ಕಾಲಿಕವಾಗಿ ಮಣ್ಣಿನ ದಾರಿಯನ್ನು ಹಾಕಿ ಅದನ್ನು ದಾಟಿಸಿದರು. ಅದು ಬೆಂಗಳೂರನ್ನು ಮುಟ್ಟುವ ವೇಳೆಗೆ ೨೦೧೯ರ ಜೂನ್ ತಿಂಗಳು ಬಂದಿದ್ದಿತು. ನಮ್ಮ ಮೆಟ್ರೋ ರೈಲಿನ ಮೊದಲ ಬಂಡಿಗಳೂ ತಿಪ್ಪಸಂದ್ರದ ಕಾರ್ಖಾನೆಯಿಂದ ಬೈಯಪ್ಪನಹಳ್ಳಿಗೆ ಬಂದದ್ದು ಟ್ರೇಲರುಗಳ ಮೇಲೆಯೇ. ಮಡಿಕೇರಿಯಲ್ಲಿ ೨೦೨೧ರಲ್ಲಿ ತೆರೆದ ಜನರಲ್ ತಿಮ್ಮಯ್ಯನವರ ಸ್ಮಾರಕ ಭವನದ ಅಂಗಳದಲ್ಲಿ ಟಿ-೫೫ ಟ್ಯಾಂಕೊಂದು ನಿಂತಿದೆ. ರೈಲಿಲ್ಲದ ಆ ಗುಡ್ಡದ ಮೇಲಕ್ಕೆ ಅದು ರಸ್ತೆಯಿಂದಲೇ ಹತ್ತಿಬಂದಿರಬೇಕಷ್ಟೆ. ತಾಳ್ಮೆ, ಲೆಕ್ಕ, ಅನುಮತಿ ಈ ಮೂರೂ ಇದ್ದರೆ ಯಾವ ಭಾರವೂ ಊರು ಸೇರುವುದು.

ಕಷ್ಟವಿರುವುದು ಅನುಮತಿಯನ್ನು ಪಡೆಯುವ ದಾರಿಯಲ್ಲಿ. ಮಿತಿ ಮೀರಿದ ಭಾರವು ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಗಲು ಕೇಂದ್ರದ ರಸ್ತೆ ಸಾರಿಗೆ ಮಂತ್ರಾಲಯದವರ ಅನುಮತಿ ಬೇಕು. ರಾಜ್ಯದ ರಸ್ತೆಗೆ ಲೋಕೋಪಯೋಗಿ ಇಲಾಖೆ, ಊರಿನ ಬೀದಿಗೆ ನಗರಪಾಲಿಕೆ, ಹೊತ್ತು ಗೊತ್ತಿಗೆ ಸಂಚಾರ ಪೊಲೀಸಿನವರು, ಮೇಲಿನ ತಂತಿಗೆ ವಿದ್ಯುತ್ ಕಂಪನಿ, ಹಳಿ ದಾಟಲು ರೈಲ್ವೆಯವರು. ೨೦೨೫ರಲ್ಲಿ ನಮ್ಮ ಒಂದು ಪಾಲಿಕೆಯು ಐದಾದ ಮೇಲೆ, ಶಿವಾಜಿನಗರದಿಂದ ಹಳೆಯ ಮದ್ರಾಸ್ ರಸ್ತೆಯಲ್ಲಿ ಹೊರಟು ಕೃಷ್ಣರಾಜಪುರವನ್ನು ಮುಟ್ಟುವುದರೊಳಗೆ ಎರಡು ಪಾಲಿಕೆಗಳ ಎಲ್ಲೆಯನ್ನು ದಾಟಬೇಕಾಗಿದೆ. ಇಷ್ಟು ಬಾಗಿಲುಗಳನ್ನು ತಟ್ಟಿ ಬಳಲಿದ ಗೃಹಸ್ಥನು ಕಡೆಗೆ ಕತ್ತಲನ್ನೇ ನೆಚ್ಚುವನು. ಕದ್ದು ಸಾಗಿಸುವವನನ್ನು ನಾವು ಸಮರ್ಥಿಸುವುದಿಲ್ಲ. ಆದರೆ ನ್ಯಾಯದ ದಾರಿಯನ್ನು ಮುಳ್ಳುಮಯವಾಗಿಟ್ಟು, ಕಳ್ಳದಾರಿಯಲ್ಲಿ ಹೋದನೆಂದು ದೂರುವುದು ಆಡಳಿತಕ್ಕೆ ಭೂಷಣವಲ್ಲ. ಹರಾಜು ಹಾಕಿ ಹಣ ಪಡೆಯುವುದಕ್ಕೆ ಸರ್ಕಾರಕ್ಕೆ ಒಂದೇ ಕಿಟಕಿ ಸಾಕಾಗುತ್ತದೆ. ಕೊಂಡದ್ದನ್ನು ಒಯ್ಯುವುದಕ್ಕೆ ಆರೇಳು ಕಿಟಕಿಗಳು. ಆನೆಯನ್ನು ಕೊಟ್ಟು ಅಂಕುಶಕ್ಕೆ ಜಗಳವಾಡಿದ ಗಾದೆಯು ಇಲ್ಲಿ ಅಕ್ಷರಶಃ ಒಪ್ಪುತ್ತದೆ.

ಆದುದರಿಂದ ಸರ್ಕಾರದವರಲ್ಲಿ ನಮ್ಮ ಅರಿಕೆಗಳು ಮೂರು. ಒಂದನೆಯದು: ಹರಾಜಿನಲ್ಲಿ ವಾಹನವನ್ನು ಬಿಟ್ಟುಕೊಡುವಾಗಲೇ ಅದರ ತೂಕ, ಅಗಲ, ಎತ್ತರ, ತಯಾರಾದ ವರ್ಷ ಇವುಗಳನ್ನು ಬರೆದ ಪತ್ರವನ್ನು ಕೊಂಡವನ ಕೈಗೆ ಕೊಡತಕ್ಕದ್ದು. ಎರಡನೆಯದು: ನಗರದೊಳಗಣ ಭಾರಿ ಸಾಗಾಣಿಕೆಗೆ ಒಂದೇ ಕಚೇರಿಯನ್ನು ಗೊತ್ತುಮಾಡಿ, ಯಾವ ಸೇತುವೆಯು ಎಷ್ಟು ಭಾರವನ್ನು ಹೊರುವುದು, ಯಾವ ಕೆಳಸೇತುವೆಯ ತೆರಪು ಎಷ್ಟೆತ್ತರ, ಶುಲ್ಕವೆಷ್ಟು, ಎಷ್ಟು ದಿನಗಳಲ್ಲಿ ಉತ್ತರ ದೊರೆಯುವುದು ಎಂಬುದನ್ನು ಕನ್ನಡದಲ್ಲಿ ಪ್ರಕಟಿಸತಕ್ಕದ್ದು. ಮೂರನೆಯದು: ೨೦೨೧ರ ಜುಲೈ ತಿಂಗಳಲ್ಲಿ ಕೇಂದ್ರದವರು ೫೦ ವರ್ಷ ಮೀರಿದ ಹಳೆಯ ವಾಹನಗಳಿಗೆ ವಿಶೇಷ ನೋಂದಣಿಯ ನಿಯಮವನ್ನು ಮಾಡಿರುವರು. ಅದು ಸ್ವಂತ ಉಪಯೋಗದ ಕಾರುಗಳಿಗೂ ದ್ವಿಚಕ್ರ ವಾಹನಗಳಿಗೂ ಮಾತ್ರ ಅನ್ವಯಿಸುವುದು. ಸಿರಿವಂತನು ಸವಾರಿ ಮಾಡಿದ ಕಾರಿಗೆ ಸಲ್ಲುವ ಮರ್ಯಾದೆಯು ಸಿಪಾಯಿಯನ್ನು ಹೊತ್ತ ಲಾರಿಗೆ ಏಕೆ ಸಲ್ಲಬಾರದು? ಪ್ರದರ್ಶನಕ್ಕೂ ಮೆರವಣಿಗೆಗೂ ಮಾತ್ರವೆಂಬ ನಿರ್ಬಂಧದೊಡನೆ ಆ ನಿಯಮವನ್ನು ಹಳೆಯ ಸೇನಾ ಲಾರಿಗಳಿಗೂ ವಿಸ್ತರಿಸುವುದು ಯುಕ್ತವಾಗಿದೆ. ಬಣ್ಣದ ನಿಯಮಕ್ಕೂ ಅಂತಹ ವಾಹನಗಳ ಮಟ್ಟಿಗೆ, ಸ್ಪಷ್ಟವಾದ ಬೇರೆ ಗುರುತೊಂದನ್ನು ಕಡ್ಡಾಯ ಮಾಡಿ, ವಿನಾಯಿತಿ ಕೊಡಬಹುದೇ ಎಂಬುದನ್ನು ಅಧಿಕಾರಿಗಳು ವಿಚಾರಿಸಲಿ.

ನಮ್ಮ ಪತ್ರಲೇಖಕರಿಗೆ ಹೇಳುವುದಿಷ್ಟೆ. ಹರಾಜಿನ ರಸೀದಿಯನ್ನೂ ಬಿಡುಗಡೆಯ ಪತ್ರವನ್ನೂ ಜೋಪಾನ ಮಾಡಿರಿ. ಲಾರಿಯ ಅಗಲ ಎತ್ತರಗಳನ್ನು ನೀವೇ ನಿಂತು ಅಳೆಯಿಸಿರಿ. ಕ್ಷಮತಾಪತ್ರವೂ ವಿಮೆಯೂ ಸರಿಯಾಗಿರುವ, ತಗ್ಗಾದ ಹಾಸಿನ ಟ್ರೇಲರನ್ನೇ ಗೊತ್ತುಮಾಡಿರಿ; ಬಾಡಿಗೆ ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ಲಾರಿಯ ಇಂಧನವನ್ನು ಬಸಿದು, ಬ್ಯಾಟರಿಯನ್ನು ಬಿಚ್ಚಿ, ನಾಲ್ಕು ಮೂಲೆಗಳಿಗೂ ಸರಪಳಿ ಬಿಗಿಯಿಸಿರಿ. ಹೊರಡುವ ಮುನ್ನ ತೂಕ ಹಾಕಿಸಿ ಚೀಟಿಯನ್ನು ಡ್ರೈವರನ ಕೈಯಲ್ಲಿರಿಸಿರಿ. ದಾರಿಯನ್ನು ಹಿಂದಿನ ದಿನವೇ ನಡೆದು ನೋಡಿ, ಜೋತುಬಿದ್ದ ತಂತಿಗಳನ್ನು ಗುರುತು ಮಾಡಿರಿ. ಬಿದಿರು ಗಳುವಿನಿಂದ ತಂತಿಯನ್ನು ಎತ್ತಲು ಆಳನ್ನು ಮೇಲೆ ಹತ್ತಿಸುವುದು ಕೊಲೆಗೆ ಸಮಾನವೆಂದು ತಿಳಿಯಿರಿ. ಮನೆ ಸೇರಿದ ಮೇಲೆ ಬಣ್ಣ ಬದಲಿಸಿ ಸಾರಿಗೆ ಕಚೇರಿಗೆ ಅರ್ಜಿ ಹಾಕಿರಿ. ನೋಂದಣಿಯಾಗುವವರೆಗೆ ಚಕ್ರವು ಬೀದಿಗಿಳಿಯದಿರಲಿ.

ನಿಮ್ಮ ತೀರ್ಥರೂಪರು ಆ ಲಾರಿಯನ್ನು ನಡೆಸಿದಾಗ ಅಪ್ಪಣೆಯಿಲ್ಲದೆ ಶಿಬಿರದ ಬಾಗಿಲನ್ನು ದಾಟುತ್ತಿರಲಿಲ್ಲ. ಅವರ ನೆನಪಿಗೆಂದು ತರುವ ಲಾರಿಯೂ ಅಪ್ಪಣೆ ಪಡೆದೇ ಹಲಸೂರನ್ನು ಸೇರಲಿ.