ಟೊಳ್ಳು ಯಾವುದು, ಗಟ್ಟಿ ಯಾವುದು?

ರಾಬರ್ಟ್‌ಸನ್‌ಪೇಟೆಯ ಮಕ್ಕಳಿಗೆ ಚಿನ್ನದ ಅದಿರಿನ ಕಥೆ ಹೊಸದಲ್ಲ. 2001ರಲ್ಲಿ ಗಣಿ ಮುಚ್ಚಿದರೂ ಸೈನೈಡ್ ದಿಬ್ಬಗಳು ಇನ್ನೂ ನಿಂತಿವೆ. ಒಂದು ಟನ್ ಅದಿರು ಪುಡಿ ಮಾಡಿದರೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ದಿಬ್ಬದ ಪಾಲು. ಕಲ್ಲಿನಲ್ಲಿ ಹುರುಳೆಷ್ಟು ಎಂದು ಪರೀಕ್ಷಿಸುವುದು ಭೂವಿಜ್ಞಾನಿಯ ಕೆಲಸ. ಆ ವಿದ್ಯೆ ಕಲಿತ ಸರ್ಕಾರಿ ಅಧಿಕಾರಿಯೊಬ್ಬರು ಮುಂದೆ ಮನುಷ್ಯರನ್ನೇ ತಟ್ಟಿ ನೋಡಿದರು. ಅವರೇ ಟಿ.ಪಿ. ಕೈಲಾಸಂ.

1884ರಲ್ಲಿ ಹುಟ್ಟಿದ ಕೈಲಾಸಂ ಅವರ ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಮಗ ಮದರಾಸಿನಲ್ಲಿ ಓದಿ, ಲಂಡನ್ನಿಗೆ ಹೋಗಿ ಭೂವಿಜ್ಞಾನ ಕಲಿತರು. 1915ರಲ್ಲಿ ಮರಳಿದಾಗ ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಹುದ್ದೆಯೂ ದೊರೆಯಿತು. ಆದರೆ ಲಂಡನ್ನಿನಲ್ಲಿ ನಾಟಕದ ರುಚಿಯೂ ಹತ್ತಿತ್ತು.

ಆಗಿನ ಕಂಪನಿ ನಾಟಕಗಳಲ್ಲಿ ರಾಜರು, ಋಷಿಗಳು, ಹಾಡುಗಳದೇ ಕಾರುಬಾರು. ಕೈಲಾಸಂ ಮಧ್ಯಮ ವರ್ಗದವರ ನಡುಮನೆಯನ್ನೇ ರಂಗಕ್ಕೆ ತಂದರು. ಇಂಗ್ಲಿಷ್ ಬೆರೆತ ಬೆಂಗಳೂರಿನ ಆಡುಮಾತಿನಲ್ಲೇ ವಕೀಲ, ವೈದ್ಯ, ಬಡಾಯಿಗಾರರ ಬಣ್ಣ ಬಯಲು ಮಾಡಿದರು. ವರದಕ್ಷಿಣೆಯ ದುರಾಸೆಯನ್ನೂ ಬಿಡಲಿಲ್ಲ. ನೋಡುವವರು ನಗುತ್ತಾ ತಮ್ಮ ಮುಖವನ್ನೇ ಕಂಡುಕೊಂಡರು.

1918ರ ಸುಮಾರಿನ ‘ಟೊಳ್ಳು ಗಟ್ಟಿ’ ನಾಟಕ ಪ್ರತಿಯೊಬ್ಬ ವಿದ್ಯಾರ್ಥಿಯೂ ತಂದೆತಾಯಿಯರೂ ಓದಬೇಕಾದದ್ದು. ಅದರಲ್ಲಿ ಒಬ್ಬ ಹುಡುಗ ಪುಸ್ತಕದ ಹುಳು, ಪರೀಕ್ಷೆಯಲ್ಲಿ ಮುಂದು. ಇನ್ನೊಬ್ಬ ಓದಿನಲ್ಲಿ ಹಿಂದು, ಮನೆಯವರ ಕಷ್ಟಕ್ಕೆ ಮುಂದು. ಟೊಳ್ಳು ಯಾರು, ಗಟ್ಟಿ ಯಾರು ಎಂಬುದನ್ನು ಮನೆಗೆ ಒದಗಿದ ಸಂಕಟವೇ ತೋರಿಸಿಕೊಡುತ್ತದೆ.

ಕೈಲಾಸಂ ಸರ್ಕಾರಿ ಕೆಲಸ ಬಿಟ್ಟರು. ನಾಟಕಗಳನ್ನು ಬಾಯಲ್ಲೇ ಹೇಳುತ್ತಿದ್ದರು; ಗೆಳೆಯರು ಬರೆದುಕೊಳ್ಳುತ್ತಿದ್ದರು. 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಬಂದಿತು. ಆದರೆ ಕೈಯಲ್ಲಿ ಕಾಸು ನಿಲ್ಲಲಿಲ್ಲ. ಆರೋಗ್ಯವನ್ನು ಕಾಪಾಡಿಕೊಳ್ಳಲಿಲ್ಲ. 1946ರ ನವೆಂಬರ್ 23ರಂದು ತೀರಿಕೊಂಡರು. ಅವರು ತೆತ್ತ ಬೆಲೆ ಸಣ್ಣದಲ್ಲ.

ಹಾಗಾದರೆ ಅಂಕಗಳು ಬೇಡವೇ? ಹಾಗಲ್ಲ. ಲಂಡನ್ನಿನವರೆಗೆ ಹೋಗಿ ಕಲಿತವರು ಓದನ್ನು ಹಳಿಯಲಿಲ್ಲ. ಓದಿನ ಹೆಸರಿನಲ್ಲಿ ಮನೆಯ ಕಷ್ಟ ಕಾಣದಂತಾಗುವುದನ್ನು ಹಳಿದರು. ಫಲಿತಾಂಶ ಬಂದ ದಿನ ಅಂಕಪಟ್ಟಿ ನೋಡುವ ತಂದೆತಾಯಿಯರು, ಅಜ್ಜಿಗೆ ಔಷಧಿ ತಂದುಕೊಟ್ಟವರು ಯಾರು ಎಂದೂ ಒಮ್ಮೆ ನೆನೆಯಲಿ. ಕಡಿಮೆ ಅಂಕ ತಂದ ಮಗು ತಲೆ ತಗ್ಗಿಸಿ ನಿಂತಿದ್ದರೆ, ಅದಕ್ಕೆ ಅಷ್ಟು ಸಾಕು.