ಸಾಲ ಯಾರಿಗೆ ಸುಲಭ?

ವಿಶ್ವಬ್ಯಾಂಕು 2020ರ ಸಾಲಿಗೆ ಹೊರಡಿಸಿದ ಪಟ್ಟಿಯಲ್ಲಿ, ಉದ್ಯಮಕ್ಕೆ ಸಾಲ ದೊರೆಯುವ ಅನುಕೂಲದ ಮಟ್ಟಿಗೆ ಭಾರತಕ್ಕೆ 25ನೆಯ ಸ್ಥಾನವಿತ್ತು. ಜರ್ಮನಿ ನಮಗಿಂತ ಹಿಂದಿತ್ತು. ಬೆಳಿಗ್ಗೆ ಕೈಗಡ ತಂದು ಸಂಜೆ ಬಡ್ಡಿ ಕಟ್ಟುವ ಸಂತೆಯ ವ್ಯಾಪಾರಿ ಇದನ್ನು ಕೇಳಿದರೆ ನಕ್ಕಾನು. ಆ ಪಟ್ಟಿ ಅಳೆದದ್ದು ಅಡಮಾನದ ಕಾನೂನು ಎಷ್ಟು ಬಿಗಿಯಾಗಿದೆ, ಸಾಲಗಾರನ ಪೂರ್ವಾಪರ ಎಷ್ಟು ದಾಖಲಾಗಿದೆ ಎಂಬುದನ್ನು. ಎಷ್ಟು ಮಂದಿ ಬ್ಯಾಂಕಿನ ಬಾಗಿಲಿನಿಂದ ಬರಿಗೈಯಲ್ಲಿ ಮರಳಿದರೆಂದು ಅದು ಎಣಿಸಲಿಲ್ಲ. ಅಂಕಿಅಂಶಗಳಲ್ಲಿ ಅಕ್ರಮ ಬಯಲಾದ ಮೇಲೆ 2021ರಲ್ಲಿ ವಿಶ್ವಬ್ಯಾಂಕೇ ಅದನ್ನು ಕೈಬಿಟ್ಟಿತು.

ಜರ್ಮನಿಯಲ್ಲಿ ಸಣ್ಣ ಉದ್ಯಮಿಗೆ ಆಸರೆಯಾಗಿರುವುದು ಊರಿನ ಬ್ಯಾಂಕು. ಅಲ್ಲಿಯ ಸ್ಪಾರ್‌ಕಾಸ್ಸೆಗಳು, ಅಂದರೆ ಉಳಿತಾಯ ಬ್ಯಾಂಕುಗಳು, ಬಹುತೇಕ ನಗರಸಭೆ ಇಲ್ಲವೆ ಜಿಲ್ಲೆಯ ಆಶ್ರಯದಲ್ಲಿವೆ. ತಮ್ಮ ಸೀಮೆಯೊಳಗೇ ವ್ಯವಹರಿಸಬೇಕೆಂಬುದು ಅವುಗಳ ಕಟ್ಟಳೆ. ಇವುಗಳ ಜೊತೆಗೆ, 1850ರಲ್ಲಿ ಶುಲ್ಸೆ-ಡೆಲಿಟ್ಶ್ ಕುಶಲಕರ್ಮಿಗಳಿಗಾಗಿ ಕಟ್ಟಿದ ಸಾಲದ ಸಂಘದ ದಾರಿಯಲ್ಲಿ ಬೆಳೆದ ಸಹಕಾರಿ ಬ್ಯಾಂಕುಗಳಿವೆ. ಅಲ್ಲಿಯೂ ಜಾಮೀನು ಕೇಳುತ್ತಾರೆ, ಅಲ್ಲಿಯೂ ಶಾಖೆಗಳು ಮುಚ್ಚುತ್ತಿವೆ, ಅದೇನೂ ಸ್ವರ್ಗವಲ್ಲ. ಆದರೆ ಆಸ್ತಿ ಸಾಲದವನ ಪರವಾಗಿ, ಸಾಲದಲ್ಲಿ ನೂರಕ್ಕೆ 80ರವರೆಗೂ ಹೊಣೆ ನಿಲ್ಲುವ ಖಾತರಿ ಬ್ಯಾಂಕುಗಳು ಅಲ್ಲಿವೆ.

ನಮ್ಮಲ್ಲಿಯೂ 2000ದಲ್ಲಿ ಖಾತರಿ ನಿಧಿಯೊಂದು ಹುಟ್ಟಿತು. ಸಣ್ಣ ಉದ್ಯಮಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದೆಂದು 2010ರಲ್ಲಿ ರಿಸರ್ವ್ ಬ್ಯಾಂಕು ಆಜ್ಞೆ ಮಾಡಿತು. ಆಜ್ಞೆ ಕಡತದಲ್ಲಿ ಉಳಿದರೆ ಬಡವನಿಗೇನು ಬಂತು? ಬ್ಯಾಂಕು ಕೈಬಿಟ್ಟವನು ಮೀಟರ್ ಬಡ್ಡಿಯವನ ಕೈಗೆ ಬೀಳುತ್ತಾನೆ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಊರಿನ ಬ್ಯಾಂಕೆಂಬುದು ನಮಗೆ ಹೊಸದಲ್ಲ. ಮದರಾಸು ಸರ್ಕಾರ ಕಳುಹಿಸಿದ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ಜರ್ಮನಿಯ ಗ್ರಾಮ ಸಂಘಗಳ ಮಾದರಿಯನ್ನು ಎತ್ತಿಹಿಡಿದು ವರದಿ ಬರೆದರು. 1904ರಲ್ಲಿ ಸಹಕಾರ ಕಾನೂನು ಬಂತು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಂಘ ಎದ್ದು ನಿಂತಿತು. ಮುಂದೆ ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆ ಹೂಡಿ, ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಕೂಡಿಸಿತು. 1969ರ ರಾಷ್ಟ್ರೀಕರಣ ಆ ಬ್ಯಾಂಕನ್ನು ಜನರದಾಗಿಸಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಕರಗಿತು. ಬ್ಯಾಂಕು ದೊಡ್ಡದಾದಷ್ಟೂ ಸಾಲ ಮಂಜೂರು ಮಾಡುವ ಕೈ ಊರಿನಿಂದ ದೂರವಾಗುತ್ತದೆಂಬುದೇ ನಮ್ಮ ಆಕ್ಷೇಪಣೆ.

ಇದು ಅಂಗಡಿಯವನ ಪಾಡು ಮಾತ್ರವೆಂದು ಗಿರಣಿ ಕಾರ್ಮಿಕರು ತಿಳಿಯಬಾರದು. ಬ್ಯಾಂಕಿನಲ್ಲಿರುವುದು ಅವರ ಪಗಾರದ ಉಳಿತಾಯ. ಅಂಗಡಿಗೆ ಸಾಲ ಹುಟ್ಟದಿದ್ದರೆ ತಿಂಗಳ ಕೊನೆಯಲ್ಲಿ ಅವರಿಗೆ ಉದ್ದರಿಯೂ ಹುಟ್ಟದು.

ಆದ್ದರಿಂದ ನಾವು ಒತ್ತಾಯಿಸುತ್ತೇವೆ: ಅಡಮಾನವಿಲ್ಲದ ಸಾಲದ ನಿಯಮವನ್ನು ಪ್ರತಿ ಶಾಖೆಯಲ್ಲೂ ಕನ್ನಡದಲ್ಲಿ ಗೋಡೆಗೆ ಹಚ್ಚಲಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಲಿ. ಸಣ್ಣ ಸಾಲ ಮಂಜೂರು ಮಾಡುವ ಅಧಿಕಾರ ಊರಿನ ಶಾಖೆಯಲ್ಲೇ ಇರಲಿ. ಸಹಕಾರಿ ಸಂಘಗಳು ಪುಢಾರಿಗಳ ಹಿಡಿತದಿಂದ ಬಿಡುಗಡೆಯಾಗಲಿ. ವ್ಯಾಪಾರಿಗಳೂ ಕಾರ್ಮಿಕರೂ ಒಂದಾಗಿ ಬ್ಯಾಂಕಿನ ಬಾಗಿಲಲ್ಲಿ ನಿಂತು ಕೇಳಲಿ. ಹಣ ಊರಿನದು, ಅದರ ಮೇಲೆ ಊರಿನ ಹಕ್ಕೇ ಮೊದಲನೆಯದು.