ಮೊದಲ ಮುದ್ರಣದ ಮಹಿಮೆ

ಪುಸ್ತಕವನ್ನು ಓದಲು ಕೊಳ್ಳುವವರುಂಟು, ಕೂಡಿಡಲು ಕೊಳ್ಳುವವರೂ ಉಂಟು. ಕೂಡಿಡುವವರಿಗೆ ಮೊದಲ ಮುದ್ರಣವೇ ಬೇಕು; ಅದರಲ್ಲಿ ಅಚ್ಚಿನ ತಪ್ಪಿದ್ದರಂತೂ ಹಬ್ಬ. ಎಚ್. ಜಿ. ವೆಲ್ಸ್ ಮಹಾಶಯರ ‘ದಿ ಟೈಮ್ ಮೆಷಿನ್’ ವೈಜ್ಞಾನಿಕ ಕಾದಂಬರಿ 1895ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಹೆನ್ರಿ ಹೋಲ್ಟ್ ಪ್ರಕಾಶನದಿಂದ ಹೊರಬಂದಾಗ, ಗ್ರಂಥಕರ್ತರ ಹೆಸರು ‘ಎಚ್. ಎಸ್. ವೆಲ್ಸ್’ ಎಂದು ಅಚ್ಚಾಗಿತ್ತು! ಲಂಡನ್ನಿನ ಮುದ್ರಣ ಬಂದದ್ದು ಅದೇ ತಿಂಗಳ ಕೊನೆಗೆ. ತಪ್ಪನ್ನು ಆಮೇಲೆ ತಿದ್ದಿದರು. ಆದರೆ ತಿದ್ದದ ಪ್ರತಿಯೇ ಇಂದು ಸಂಗ್ರಾಹಕರ ಕಣ್ಮಣಿ.

ರೇ ಬ್ರಾಡ್‌ಬರಿಯವರ ‘ಫ್ಯಾರನ್‌ಹೀಟ್ 451’ ಪುಸ್ತಕ ಸುಡುವವರ ಕಥೆ. 1953ರಲ್ಲಿ ಅದರ ಸುಮಾರು 200 ಪ್ರತಿಗಳಿಗೆ ಬೆಂಕಿ ತಗಲದ ಕಲ್ನಾರಿನ ಹೊದಿಕೆ ಹಾಕಿ, ಲೇಖಕರ ಸಹಿ ಮಾಡಿಸಿದರು.

ಆದರೆ ಪುಸ್ತಕಕ್ಕೆ ಬೆಂಕಿಗಿಂತ ದೊಡ್ಡ ಶತ್ರು ನಮ್ಮ ಅಚ್ಚುಕಟ್ಟುತನ. ಹರಿದ ಹೊರಹೊದಿಕೆಯನ್ನು ಕಿತ್ತೆಸೆಯುತ್ತೇವೆ; ಆ ಕಾಗದ ಹೋದರೆ ಬೆಲೆಯ ಬಹುಭಾಗವೇ ಹೋದಂತೆ.

ನಮ್ಮ ಮನೆಗಳಲ್ಲಿ ವೆಲ್ಸರ ಮೊದಲ ಮುದ್ರಣ ಸಿಗಲಾರದು. ಆದರೆ ಊರಿನಿಂದ ಹಿರಿಯರ ಟ್ರಂಕಿನಲ್ಲಿ ಬಂದ ಕಾರಂತರದೋ ಬೇಂದ್ರೆಯವರದೋ ಮೊದಲ ಮುದ್ರಣ ಇದ್ದೀತು. ರದ್ದಿಯವನ ತಕ್ಕಡಿಗೆ ಹಾಕುವ ಮುನ್ನ ಮೊದಲ ಹಾಳೆಯನ್ನು ತಿರುವಿ ನೋಡಿರಿ. ಅವನಿಗೆ ತೂಕವೊಂದೇ ಲೆಕ್ಕ.